ಹೆಜ್ಜೆಯ ಲೆಕ್ಕ

ಫಿಟ್‌ನೆಸ್ ಪಟ್ಟಿಯನ್ನು ಬಿಟ್ಟು ಸ್ಮಾರ್ಟ್‌ವಾಚನ್ನು ಧರಿಸಿದೊಡನೆ ದಿನದ ಹೆಜ್ಜೆಗಳ ಸಂಖ್ಯೆ ಏರುವುದೋ ಇಳಿಯುವುದೋ ಉಂಟು. ನಮ್ಮ ನಡಿಗೆಯೇನೋ ಬದಲಾಗಿರುವುದಿಲ್ಲ. ಹಾಗಾದರೆ ಕಾರಣವೇನು?

1965ರಲ್ಲಿ ಜಪಾನಿನಲ್ಲಿ ಬಂದ ‘ಮಾನ್‌ಪೊ-ಕೇ’ ಎಂಬ ಹೆಜ್ಜೆಮಾಪಕವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಇಂದಿನ ಸಾಧನಗಳಾದರೋ ಮಣಿಕಟ್ಟಿನ ವೇಗೋತ್ಕರ್ಷವನ್ನು ಅಳೆದು, ಯಾವ ಅಲುಗಾಟವು ಹೆಜ್ಜೆಯೆಂಬುದನ್ನು ಗಣಿತಸೂತ್ರದಿಂದ ನಿರ್ಣಯಿಸುತ್ತವೆ. ಆ ಸೂತ್ರವು ಎಲ್ಲ ತಯಾರಕರಲ್ಲಿಯೂ ಒಂದೇ ಅಲ್ಲ. ಪುಸ್ತಕಗಳನ್ನು ಎದೆಗವಚಿಕೊಂಡು ನಡೆದರೆ ಕೈ ಬೀಸದು. ಕೆಲವು ಹೆಜ್ಜೆಗಳು ಲೆಕ್ಕಕ್ಕೆ ಸಿಕ್ಕದೆ ಹೋಗಬಹುದು. ಕುಳಿತಲ್ಲಿಯೇ ಕೈಯಾಡಿಸಿದರೆ ಇಲ್ಲದ ಹೆಜ್ಜೆಗಳು ಸೇರಲೂಬಹುದು.

ಆದುದರಿಂದ ಎರಡನ್ನೂ ಒಂದೇ ಕೈಗೆ ಕಟ್ಟಿ, ಬಾಯಲ್ಲಿ ಎಣಿಸುತ್ತ 500 ಹೆಜ್ಜೆ ನಡೆಯೋಣ. ಮೂರು ಲೆಕ್ಕಗಳನ್ನೂ ಬರೆದಿಡೋಣ. ಹಳೆಯ ದಾಖಲೆಯನ್ನು ಹೊಸದರೊಡನೆ ಹೋಲಿಸುವ ಮುನ್ನ ಈ ಅಂತರವನ್ನು ನಾವು ಅರಿತಿರಬೇಕು.