ಕಟ್ಟಿ ನಿಲ್ಲಿಸಿದ ಬೋಟಿನ ಬ್ಯಾಟರಿ

ಉಣಕಲ್ ಕೆರೆ ಬಿಟ್ಟರೆ ದೋಣಿಯ ನಂಟೇ ಇಲ್ಲದ ಹುಬ್ಬಳ್ಳಿಯಲ್ಲಿ ಕೂತು ಬೋಟಿನ ಬ್ಯಾಟರಿ ಬಗ್ಗೆ ಯಾಕೆ ಬರೀತಾರೆ ಅಂತ ಕೇಳೀರಿ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದರೆ ಅಂಕೋಲಾ, ಆಮೇಲೆ ಕಾರವಾರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧದಿಂದಾಗಿ ಅಲ್ಲಿಯ ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿ ನಿಲ್ಲುತ್ತವೆ. ಆ ಬೋಟಿನ ಬ್ಯಾಟರಿಗೂ ನಮ್ಮೂರ ಹಿತ್ತಲಲ್ಲಿ ನಿಂತ ಟ್ರ್ಯಾಕ್ಟರಿನ ಬ್ಯಾಟರಿಗೂ ಬರುವ ಕಾಯಿಲೆ ಒಂದೇ.

ಹೊಸಬರು ಮೊದಲು ತಿಳಿಯಬೇಕಾದದ್ದು ಇದು: ಬ್ಯಾಟರಿ ಓಡಿ ಸವೆಯುವುದಕ್ಕಿಂತ ಖಾಲಿಯಾಗಿ ನಿಂತು ಕೆಡುವುದೇ ಬೇಗ. ಒಳಗೆ ಸೀಸದ ಪ್ಲೇಟುಗಳಿವೆ, ಸುತ್ತ ಗಂಧಕಾಮ್ಲವಿದೆ. ಕರೆಂಟು ಕೊಡುತ್ತ ಹೋದಂತೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಯಾವ ಚಾರ್ಜರಿಗೂ ಬಗ್ಗುವುದಿಲ್ಲ.

ಏನೂ ಬಳಸದಿದ್ದರೂ ಚಾರ್ಜ್ ತಾನಾಗಿ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬೋಟಿನಲ್ಲಿ ಇನ್ನೊಂದು ಕಳ್ಳ ಇದ್ದಾನೆ. ತಳದಲ್ಲಿ ಮಳೆನೀರು ತುಂಬಿದಾಗಲೆಲ್ಲ ತಾನೇ ಚಾಲೂ ಆಗುವ ಪಂಪು. ಅದನ್ನು ಬಂದ್ ಮಾಡುವಂತಿಲ್ಲ, ಮಾಡಿದರೆ ಬೋಟೇ ಮುಳುಗೀತು.

ಚಾರ್ಜ್ ಎಷ್ಟಿದೆ ಅನ್ನುವುದನ್ನು ಮೀಟರ್ ಹಿಡಿದು ನೋಡಿ. ಆರು ಸೆಲ್‌ಗಳ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟ್, ಅರ್ಧವಾದರೆ 12.2ರ ಆಸುಪಾಸು. 12ಕ್ಕಿಂತ ಕೆಳಗೆ ಬಂದರೆ ಅಂದೇ ಚಾರ್ಜಿಗೆ ಹಾಕಿ. ಚಾರ್ಜರ್ ತೆಗೆದ ತಕ್ಷಣ ಅಳೆದರೆ ಮೀಟರ್ ಹೆಚ್ಚೇ ತೋರಿಸುತ್ತದೆ. ಕೆಲವು ತಾಸು ಬಿಟ್ಟು ನೋಡಿದ್ದೇ ಖರೆ.

ಕರೆಂಟು ಎಷ್ಟಿರಬೇಕು? ಆಂಪಿಯರ್-ಅವರ್ ಸಂಖ್ಯೆಯ ಹತ್ತನೇ ಒಂದು ಪಾಲು, ಅಂದರೆ 100ರ ಬ್ಯಾಟರಿಗೆ 10 ಆಂಪಿಯರ್. ಹಳೆಯ ಕಾಲದ ಚಾರ್ಜರ್ ತಾನಾಗಿ ನಿಲ್ಲುವುದಿಲ್ಲ, ಮರೆತರೆ ನೀರು ಗ್ಯಾಸಾಗಿ ಹೋಗಿ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿಡುವುದಾದರೆ ಆಟೊಮ್ಯಾಟಿಕ್ ಚಾರ್ಜರೇ ಬೇಕು. ಅದು 14.4 ವೋಲ್ಟಿನ ತನಕ ಏರಿಸಿ, ತುಂಬಿದ ಮೇಲೆ 13.5ರ ಸುಮಾರಿಗೆ ಇಳಿದು ಸೋರಿದಷ್ಟನ್ನು ಮಾತ್ರ ತುಂಬುತ್ತದೆ. ದಡದಲ್ಲಿ ಕರೆಂಟಿಲ್ಲದ ಕಡೆ ಸಣ್ಣ ಸೋಲಾರ್ ಪ್ಯಾನೆಲ್ ಮತ್ತು ಕಂಟ್ರೋಲರ್ ಹಾಕುತ್ತಾರೆ. ಕರಾವಳಿಯ ಆಷಾಢದ ಮೋಡದಲ್ಲಿ ನಾನಂತೂ ಅದೊಂದನ್ನೇ ನೆಚ್ಚಲಾರೆ. ಬೋಟು ನೆಲಕ್ಕೆಳೆದಿದ್ದು ಪಂಪಿನ ಕೆಲಸವಿಲ್ಲದಿದ್ದರೆ ಬ್ಯಾಟರಿ ಬಿಚ್ಚಿ ಒಳಗೆ ತಂದಿಡುವುದೇ ಲೇಸು. ಲಿಥಿಯಂ ಬ್ಯಾಟರಿಯಾದರೆ ಈ ಲೆಕ್ಕ ನಡೆಯದು, ಅದರ ಚಾರ್ಜರ್ ಬೇರೆ.

ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂದು ಗ್ಯಾರೇಜಿನವರು ಇಂದಿಗೂ ಹೇಳುತ್ತಾರೆ. ಹಳೆಯ ರಬ್ಬರ್ ಡಬ್ಬಿಗಳ ಕಾಲದಲ್ಲಿ ಅದರಲ್ಲಿ ಹುರುಳಿತ್ತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಆ ಭಯವಿಲ್ಲ.

ಮುಚ್ಚಳ ತೆಗೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನಷ್ಟೇ ಹಾಕಿ, ಬೋರಿನ ನೀರಲ್ಲ. ಪ್ಲೇಟು ಮುಳುಗುವಷ್ಟಿದ್ದರೆ ಚಾರ್ಜ್ ಆದ ಮೇಲೆ ಮಟ್ಟಕ್ಕೆ ತುಂಬಿ. ಆಸಿಡ್ ಮಾತ್ರ ಸುರಿಯಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿ ಸಾಕು. ಬೋಟಿನ ಹೊಟ್ಟೆ ಇಕ್ಕಟ್ಟು, ಹಾಗಾಗಿ ಅದರ ಮುಚ್ಚಳ ತೆರೆದು ಗಾಳಿ ಆಡಲು ಬಿಡಿ, ಬೀಡಿ ಹೊರಗಿರಲಿ. ಚಾರ್ಜರಿನ ಸ್ವಿಚ್ ಆರಿಸಿದ ಮೇಲೇ ಕ್ಲಿಪ್ ತೆಗೆಯಿರಿ. ವೈರು ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಅದೇ ಕೊನೆಗೆ. ಉಪ್ಪುಗಾಳಿಗೆ ಟರ್ಮಿನಲ್ ಬೇಗ ತುಕ್ಕು ಹಿಡಿಯುವುದರಿಂದ, ಬಿಗಿ ಮಾಡಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ.