ಚಿಕೋರಿ ಬೇರು ಬಾಟಲಿ ಸೇರಿದ ಮೇಲೆ

ಚಿ. ಸೌ. ಮೇಘಾಳಿಗೆ,

ಯುಗಾದಿಯ ಹೂರಣಕ್ಕೂ ಸಕ್ಕರೆಯ ಬದಲು ನಿನ್ನ ಬಾಟಲಿಯ ಪಾಕವನ್ನೇ ಹಾಕಿಸಿ, ನೀನು ರಾತ್ರಿಯೆಲ್ಲ ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡಿದೆ. ಕೇಳಿದರೆ, “ಪ್ರಿಬಯಾಟಿಕ್ ದೊಡ್ಡಪ್ಪ, ಕರುಳಿಗೆ ಒಳ್ಳೇದು” ಎಂದೆ. ನಿನ್ನಂತೆ ನಂಬಿದವರು ಬಹಳ ಜನ ಇರುವುದರಿಂದ ಪತ್ರಿಕೆಗೇ ಬರೆಯುತ್ತಿದ್ದೇನೆ.

ನಾನು ಬಾಟಲಿಯ ಚೀಟಿ ಓದಿದೆ: ಚಿಕೋರಿ ಬೇರಿನ ಫ್ರಕ್ಟೋ ಆಲಿಗೋಸ್ಯಾಕರೈಡ್. ನಗು ಬಂತು. ಹಾಸನದ ನಮ್ಮ ಕಾಫಿಪುಡಿ ಅಂಗಡಿಗೆ ಹುರಿದ ಚಿಕೋರಿ ಗುಜರಾತಿನಿಂದ ಬರುತ್ತಿತ್ತು. ಮಳೆಗಾಲದಲ್ಲಿ ತೇವ ಹೀರಿ ಹೆಂಟೆಗಟ್ಟಿದರೆ ಒಡೆಯುವ ಕೆಲಸ ನನ್ನದು. “ಬೇರು ಜಾಸ್ತಿ ಹಾಕಿದ್ದೀರಿ” ಎಂದು ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ಕಾನೂನು ನೂರಕ್ಕೆ 49 ಪಾಲಿನವರೆಗೆ ಬಿಟ್ಟರೂ ಅಪ್ಪ 20 ದಾಟಿಸುತ್ತಿರಲಿಲ್ಲ; ಆದರೂ ಬೈಗುಳ ತಪ್ಪಲಿಲ್ಲ. ಅದೇ ಬೇರಿಗೆ ಈಗ ಏನು ಮರ್ಯಾದೆ, ಏನು ಬೆಲೆ!

ನಿನ್ನ ಹೊಟ್ಟೆಯುಬ್ಬರ ನೋಡಿ ನನ್ನ ಅಮ್ಮ ನೆನಪಾದಳು. ಅವಳಿಗೆ ಈರುಳ್ಳಿ ಆಗುತ್ತಿರಲಿಲ್ಲ. ನೆಂಟರು ಮಡಿ ಎಂದುಕೊಂಡಿದ್ದರು. ಅವಳಿಗಿದ್ದದ್ದು ವಾಯುವಿನ ಕಾಟ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವುದೂ ನಿನ್ನ ಬಾಟಲಿಯಲ್ಲಿರುವುದೂ ಒಂದೇ ಕುಲದ ನಾರು, ಫ್ರಕ್ಟಾನ್. ಸಣ್ಣ ಕರುಳು ಅದನ್ನು ಅರಗಿಸಲಾರದು. ದೊಡ್ಡ ಕರುಳಿನ ಬೈಫಿಡೋ ಬ್ಯಾಕ್ಟೀರಿಯಾಗಳು ತಿಂದು ಹುದುಗಿಸುತ್ತವೆ; ಪ್ರಿಬಯಾಟಿಕ್ ಎನ್ನುವುದು ಅದಕ್ಕೇ. ಕರುಳಿಗೆ ಹಿತವಾದ ಆಮ್ಲಗಳು ಹುಟ್ಟುವುದು ಅಲ್ಲೇ, ಗ್ಯಾಸ್ ಹುಟ್ಟುವುದೂ ಅಲ್ಲೇ. ಅಮ್ಮನಂಥ ಸೂಕ್ಷ್ಮ ಕರುಳಿನವರಿಗೆ ಹೊಟ್ಟೆ ಉಬ್ಬಲು ಸ್ವಲ್ಪವೇ ಸಾಕು.

ವಿಷವೆಂದು ನಾನು ಹೇಳುತ್ತಿಲ್ಲ. ಅದೇ ಬೇರಿನ ಇನುಲಿನ್ ಎಂಬ ಫ್ರಕ್ಟಾನ್ ದಿನಕ್ಕೆ 12 ಗ್ರಾಂ ತಿಂದರೆ ಮಲಪ್ರವೃತ್ತಿಗೆ ನೆರವಾಗುತ್ತದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿದೆ. ನಾರಾಗಿ ಅದಕ್ಕೆ ನನ್ನದೂ ಒಪ್ಪಿಗೆಯಿದೆ. ತಕರಾರು ಇರುವುದು ಸಕ್ಕರೆಯ ಜಾಗದಲ್ಲಿ ಅದನ್ನು ಕೂರಿಸುವುದಕ್ಕೆ. ನಿನ್ನ ಪಾಕದ ನಾರಿನ ಸಿಹಿ ಸಕ್ಕರೆಯ ಅರ್ಧವೂ ಇಲ್ಲ. ನಾಲಿಗೆ ಒಪ್ಪುವಷ್ಟು ಸುರಿಯುತ್ತ ಹೋದರೆ, ಕಾಫಿ, ಪಾಯಸ, ಹೂರಣ ಎಲ್ಲ ಸೇರಿ ಒಂದೇ ದಿನಕ್ಕೆ ಎಷ್ಟಾಯಿತು? ಇಷ್ಟು ಓದಿದವಳು ನೀನು, ಇದನ್ನು ಕೂಡಿ ನೋಡಲಿಲ್ಲವೇ? ಸಾಲದ್ದಕ್ಕೆ ಮಗುವಿನ ಹಾಲಿಗೂ ಹಾಕಲು ಹೊರಟಿದ್ದೆ! ಹಾಲಿಗೆ ಸಿಹಿ ಯಾಕೆ ಬೇಕು?

ಗದರಿದೆನೆಂದು ಮುನಿಸಿಕೊಳ್ಳಬೇಡ ಮಗೂ. ಸಕ್ಕರೆ ಬಿಡಬೇಕೆಂಬ ನಿನ್ನ ಹಟ ನನಗೆ ಮೆಚ್ಚುಗೆಯೇ. ಹಾಗಾದರೆ ಸಿಹಿಯನ್ನೇ ಕಡಿಮೆ ಮಾಡು. ಸೊಪ್ಪು, ಕಾಳು, ಬಾಳೆಹಣ್ಣಿನಿಂದ ನಾರು ಬರಲಿ. ಎರಡು ವಾರ ಆ ಬಾಟಲಿ ಮುಟ್ಟಬೇಡ. ಆಮೇಲೂ ಬೇಕೆನಿಸಿದರೆ ದಿನಕ್ಕೆ ಅರ್ಧ ಚಮಚದಿಂದ ಶುರುಮಾಡಿ, ಹೊಟ್ಟೆ ತಡೆದಷ್ಟೇ ಏರಿಸು. ಬಿಟ್ಟ ಮೇಲೂ ಉಬ್ಬರ ನಿಲ್ಲದಿದ್ದರೆ ನನ್ನ ಮಾತೂ ಬೇಡ, ಚೀಟಿಯ ಮಾತೂ ಬೇಡ; ಡಾಕ್ಟರಿಗೆ ತೋರಿಸು.

ಇಂತಿ,
ನಿನ್ನ ದೊಡ್ಡಪ್ಪ