‘ಬೆಳಗು’: ಒಂದು ಪದದ ಒಳಹೊರಗು

ನವರಾತ್ರಿಯ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪದ ‘ಬೆಳಗು’. ಪೂಜೆಯ ಪಾತ್ರೆಗಳನ್ನು ಬೆಳಗುತ್ತೇವೆ, ದೀಪ ಬೆಳಗುತ್ತೇವೆ, ದೇವಿಗೆ ಆರತಿ ಬೆಳಗುತ್ತೇವೆ. ಕೆಲಸಗಳು ಮೂರು, ಪದ ಮಾತ್ರ ಒಂದೇ. ಈ ಏಕತೆಯಲ್ಲಿ ಏನಾದರೂ ಅರ್ಥವಿದೆಯೇ ಎಂದು ವಿಚಾರಿಸುವುದು ಈ ಕಿರುಲೇಖನದ ಉದ್ದೇಶ.

ಮೊದಲು ವಾಚ್ಯಾರ್ಥವನ್ನು ನೋಡೋಣ. ‘ಬೆಳಗು’ ಅಚ್ಚಗನ್ನಡ ಪದ. ಬೆಳಕು, ಬೆಳ್ಳಿ, ಬೆಳದಿಂಗಳುಗಳ ಬಳಗಕ್ಕೆ ಸೇರಿದ್ದು. ನಾಮಪದವಾದಾಗ ಅದಕ್ಕೆ ಕಾಂತಿ, ಪ್ರಾತಃಕಾಲ ಎಂಬ ಅರ್ಥಗಳು. ಕ್ರಿಯಾಪದವಾದಾಗ ಅದು ಅಕರ್ಮಕವೂ ಹೌದು, ಸಕರ್ಮಕವೂ ಹೌದು. ಸೂರ್ಯನು ಬೆಳಗುತ್ತಾನೆ, ಗೃಹಿಣಿಯು ದೀಪವನ್ನು ಬೆಳಗುತ್ತಾಳೆ. ತಾನೇ ಹೊಳೆಯುವುದಕ್ಕೂ ಮತ್ತೊಂದನ್ನು ಹೊಳೆಯುವಂತೆ ಮಾಡುವುದಕ್ಕೂ ರೂಪ ಒಂದೇ.

ಸೋದರ ಭಾಷೆಗಳೂ ಇದಕ್ಕೆ ಸಾಕ್ಷಿ. ತೆಲುಗಿನಲ್ಲಿ ‘ವೆಲುಗು’ ಎಂದರೆ ಬೆಳಕು. ತಮಿಳಿನ ‘ವಿಳಕ್ಕು’ ದೀಪವೂ ಹೌದು, ಪಾತ್ರೆ ತಿಕ್ಕುವ ಕ್ರಿಯೆಯೂ ಹೌದು, ಅರ್ಥವನ್ನು ವಿವರಿಸುವುದೂ ಹೌದು. ಬೇರೆ ಭಾಷಾಕುಲದ ಮರಾಠಿಯಲ್ಲಿಯೂ ಹೊಳಪು ಕೊಡುವುದು ‘ಉಜಳಣೆ’. ಕಲಿತ ಪಾಠವನ್ನು ಮತ್ತೆ ಒಪ್ಪಿಸುವುದು ‘ಉಜಳಣೀ’.

ಇನ್ನು ಲಕ್ಷ್ಯಾರ್ಥ. ಸತ್ಪುತ್ರನು ಮನೆತನದ ಹೆಸರನ್ನು ಬೆಳಗುತ್ತಾನೆ ಎನ್ನುತ್ತೇವೆ. ವಚನಕಾರರು ಅನುಭಾವದ ಅರಿವನ್ನೇ ‘ಬೆಳಗು’ ಎಂದು ಕರೆದರು. ಬೇಂದ್ರೆಯವರ ‘ಗರಿ’ (1932) ಸಂಕಲನದ ‘ಬೆಳಗು’ ಕವಿತೆ ಮುಂಜಾವಿನ ವರ್ಣನೆಯಿಂದ ಹೊರಟು ಒಳಗಿನ ಶಾಂತಿಯಲ್ಲಿ ನೆಲೆಗೊಳ್ಳುತ್ತದೆ.

ಹೊರಗಿನ ಬೆಳಗಿನಿಂದ ಒಳಗಿನ ಬೆಳಗಿಗೆ ದಾಟಿಸುವ ಸೇತುವೆ ಯಾವುದು? ಅದು ಅಡುಗೆಮನೆಯ ಬಚ್ಚಲಿನಲ್ಲಿಯೇ ಇದೆ. ಕಿಲುಬು ಹಿಡಿದ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಅದರ ಹುಳಿ ಕಿಲುಬನ್ನು ಕರಗಿಸುತ್ತದೆ. ಹೊಳಪು ಹುಣಸೆಹಣ್ಣಿನಿಂದ ಬಂದದ್ದಲ್ಲ, ತಾಮ್ರದಲ್ಲಿಯೇ ಇದ್ದದ್ದು. ತಿಕ್ಕಿದ ಕೈ ಮರೆಯನ್ನು ಮಾತ್ರ ನೀಗಿತು. ಅದ್ವೈತಿಗಳು ಹೇಳುವುದೂ ಇದನ್ನೇ: ಜ್ಞಾನವು ಆತ್ಮವನ್ನು ಹೊಸದಾಗಿ ಉಂಟುಮಾಡುವುದಿಲ್ಲ, ಅಜ್ಞಾನದ ಆವರಣವನ್ನು ಕಳೆಯುತ್ತದೆ. ಶಾಸ್ತ್ರವನ್ನು ಓದದ ನಮ್ಮ ಅಜ್ಜಿಯರು ಈ ತತ್ತ್ವವನ್ನು ಒಂದು ಕ್ರಿಯಾಪದದಲ್ಲಿ ದಿನವೂ ನುಡಿಯುತ್ತಿದ್ದರು.

ಆದರೆ ನಗರವಾಸಿಗಳಾದ ನಮ್ಮ ಮನೆಗಳಲ್ಲಿ ಈ ಅರ್ಥ ಮಾಸುತ್ತಿದೆ. ಸ್ಟೀಲು ಪಾತ್ರೆಗಳನ್ನು ನಾವು ತೊಳೆಯುತ್ತೇವೆ, ಬೆಳಗುವುದಿಲ್ಲ. ಮಕ್ಕಳಿಗೆ ಬೆಳಕೆಂದರೆ ಗುಂಡಿ ಒತ್ತಿದೊಡನೆ ಹೊರಗಿನಿಂದ ಬಂದುಬಿಡುವ ವಸ್ತು. ತಿಕ್ಕುವ ಶ್ರಮ ಪದದಿಂದ ಕಳಚಿಹೋದರೆ, ಶ್ರಮವಿಲ್ಲದೆ ಬೆಳಗಬಹುದೆಂಬ ಭ್ರಮೆಯೊಂದೇ ಉಳಿದೀತು. ಪದಗಳಿಗೂ ಕಿಲುಬು ಹಿಡಿಯುತ್ತದೆ. ಬಳಕೆಯೇ ಅವುಗಳಿಗೆ ಹುಣಸೆಹಣ್ಣು.

ಆದುದರಿಂದ ಓದುಗರಲ್ಲಿ ಒಂದು ಬಿನ್ನಹ. ಈ ಸಲದ ಆಯುಧಪೂಜೆಯ ಹಿಂದಿನ ದಿನ ಮನೆಯ ಹಿತ್ತಾಳೆಯ ದೀಪವನ್ನೂ ಚಿಟಿಕೆ ಹುಣಸೆಹಣ್ಣನ್ನೂ ಮಗುವಿನ ಕೈಗೆ ಕೊಡಿರಿ. ‘ತೊಳೆ’ ಎನ್ನದೆ ‘ಬೆಳಗು’ ಎನ್ನಿರಿ. ಸಂಜೆ ಅದೇ ದೀಪಕ್ಕೆ ಎಣ್ಣೆಬತ್ತಿಯಿಟ್ಟು, ಅದೇ ಮಗುವಿಗೆ ಮತ್ತೊಮ್ಮೆ ‘ಬೆಳಗು’ ಎನ್ನಿರಿ. ಉಳಿದ ಅರ್ಥವನ್ನು ದೀಪವೇ ಹೇಳಿಕೊಡುತ್ತದೆ.